ಗ್ರೀಕ್ ಹೆಸರಿನ ಗಂಟು

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನಂಜನಗೂಡಿನ ಒಂದು ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕೂತಿದ್ದ ಪವಿತ್ರಾ ಸ್ಕ್ಯಾನಿಂಗ್ ವರದಿಯನ್ನು ಅಕ್ಕನ ಕೈಗಿಟ್ಟು ಮುಖ ಅತ್ತ ತಿರುಗಿಸಿದಳು. ಎಡ ಎದೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಮಗಳಿಗಿನ್ನೂ ಐದು ತಿಂಗಳು. ಗಂಟು ಕೈಗೆ ಸಿಕ್ಕ ದಿನದಿಂದ ಮಗುವಿಗೆ ಆ ಕಡೆ ಕುಡಿಸಿರಲಿಲ್ಲ. ತಾಂಡವಪುರದ ಗಂಡನ ಮನೆಯಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು.

ಅಕ್ಕ ಹೇಮಲತಾ ತಿ. ನರಸೀಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ನೇರವಾಗಿ ಕೊನೆಯ ಸಾಲಿಗೆ ಹೋದಳು: ಗ್ಯಾಲಕ್ಟೊಸೀಲ್ ಇರಬಹುದು, ಸೂಜಿ ಹಾಕಿ ಪರೀಕ್ಷಿಸುವುದು ಒಳ್ಳೆಯದು.

"ಏನಕ್ಕ ಅದು? ಅಷ್ಟುದ್ದ ಹೆಸರಿರೋ ಕಾಯ್ಲೆ ವಾಸಿ ಆಗುತ್ತಾ?"

"ಹೆಸರು ಗ್ರೀಕರದು ಕಣೆ. ಗಾಲಾ ಅಂದ್ರೆ ಹಾಲು, ಕೇಲೆ ಅಂದ್ರೆ ಊತ. ಹಾಲು ಕಟ್ಕೊಂಡು ಊದಿದೆ, ಅಷ್ಟೆ."

ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಪವಿತ್ರಾಳ ಅತ್ತೆ ಚಾಮುಂಡಮ್ಮ ಹತ್ತಿರ ಸರಿದರು. "ಆಲು ಗಂಟು ಅಂತ ನಾನೂ ಅದ್ನೇ ಯೋಳ್ದೆ ಕಣವ್ವ. ಅಸಿಗೆ ಕೆಚ್ಚಲು ಬಾವು ಬಂದ್ರೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಅಚ್ತೀವಲ್ಲ, ಇವಳಿಗೂ ಅದ್ನೇ ಅಚ್ದೆ. ಮೂರೇ ದಿನಕ್ಕೆ ಅಸ ಒದೆಯೋದು ಬಿಡ್ತು."

"ಇವಳು ಬಿಟ್ಲಾ ಅತ್ತೆ?" ಎಂದಳು ಹೇಮಲತಾ.

"ಸ್ಕ್ಯಾನಿಂಗ್‌ನವರು ಕಾಮಾಲೆನಾ ಅಂತ ಕೇಳಿದ್ರು," ಎಂದು ಪವಿತ್ರಾ ನಕ್ಕಳು. ಎಷ್ಟೋ ದಿನಗಳ ಮೇಲೆ.

ತನ್ನ ಮಾತು ನಂಬಿ ತಂಗಿ ನಕ್ಕಿದ್ದು ಹೇಮಲತಾಗೆ ಮಾತ್ರ ಹೆದರಿಕೆ ತಂದಿತು. ಗ್ಯಾಲಕ್ಸಿ ಎಂಬ ಪದದಲ್ಲಿರುವುದೂ ಇದೇ ಗಾಲಾ, ಇದೇ ಹಾಲು ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬಿಡಿಸಿ ಬರೆಯುತ್ತಿದ್ದಳು; ಪದ ಬಿಡಿಸಿದರೆ ಭಯ ಅರ್ಧ ಕಡಿಮೆ ಎನ್ನುತ್ತಿದ್ದಳು. ಉಳಿದ ಅರ್ಧದ ಲೆಕ್ಕ ಯಾರೂ ಕೇಳಿರಲಿಲ್ಲ. ಪರದೆಯ ಮೇಲೆ ಕಂಡ ಬೂದು ನೆರಳಿಗೆ ಯಾರೋ ಇಟ್ಟ ಹೆಸರು ಅದು. ಒಳಗೆ ನಿಜವಾಗಿ ಏನಿದೆಯೆಂದು ಗ್ರೀಕರಿಗೂ ಗೊತ್ತಿಲ್ಲ. ತಾನು ಅಷ್ಟು ಧೈರ್ಯವಾಗಿ "ಅಷ್ಟೆ" ಎಂದುಬಿಟ್ಟೆನಲ್ಲ.

ಡಾಕ್ಟರ ಕೋಣೆಯಿಂದ ಕರೆ ಬಂತು. ತಂಗಿಯ ಕೈ ಹಿಡಿದು ಹೇಮಲತಾಳೂ ಒಳಗೆ ಹೋದಳು. ಡಾಕ್ಟರಮ್ಮ ಅರಿಶಿನ ಒರೆಸುತ್ತಾ, "ಏನಮ್ಮ, ಮದುವೆ ಅರಿಶಿನ ಇನ್ನೂ ಹೋಗಿಲ್ವ?" ಎಂದರು. ಸೂಜಿ ಚರ್ಮದೊಳಗೆ ಇಳಿಯಿತು. ಪವಿತ್ರಾ ಕಣ್ಣು ಮುಚ್ಚಿದಳು. ಹೇಮಲತಾ ಮುಚ್ಚಲಿಲ್ಲ. ಮೊದಲು ಏನೂ ಬರಲಿಲ್ಲ. ಡಾಕ್ಟರು ಸೂಜಿಯನ್ನು ತುಸು ವಾಲಿಸಿ ಮತ್ತೆ ಎಳೆದರು.

ಬಿಳಿ. ಗಟ್ಟಿಯಾದ, ಕೆನೆ ಬಣ್ಣದ ಬಿಳಿ.

"ಹಾಲೇ," ಎಂದರು ಡಾಕ್ಟರು. ಅವರ ಬೆರಳಡಿಯಲ್ಲಿ ಗಂಟು ಕುಗ್ಗುತ್ತಾ ಹೋಗಿ ಕೊನೆಗೆ ಕೈಗೇ ಸಿಗದಾಯಿತು. "ನಿಯಮಕ್ಕೆ ಲ್ಯಾಬಿಗೆ ಕಳಿಸ್ತೀನಿ. ಹೆದರೋ ಅಂಥದ್ದೇನೂ ಕಾಣ್ತಿಲ್ಲ. ಮಗುಗೆ ಎರಡೂ ಕಡೆ ಕುಡಿಸಿ."

ಪವಿತ್ರಾ ಮಲಗಿದ್ದಲ್ಲೇ ಅತ್ತಳು. ಹೇಮಲತಾ ಅವಳ ಕಣ್ಣೊರೆಸಿದಳು.

ಬಾಗಿಲ ಸಂದಿಯಿಂದ ಚಾಮುಂಡಮ್ಮ ಇಣುಕಿದರು. ಎರಡು ಹೊತ್ತೂ ಡೈರಿಗೆ ಹಾಲು ಹಾಕುವವರು. ಅವರಿಗೆ ತೋಚಿದ್ದು ಒಂದೇ ಪ್ರಶ್ನೆ.

"ಆಲಾ? ಎಷ್ಟಾಯ್ತವ್ವ?"

ಹೇಮಲತಾ ಟ್ರೇಯಲ್ಲಿದ್ದ ಸಿರಿಂಜನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ಓದಿದಳು. ಹದಿನಾಲ್ಕು ಮಿಲಿಲೀಟರ್.