ಕರ್ಚೀಫಿನ ತುದಿ

ಬಾಚಣಿಗೆ ಸರ್ರನೆ ಇಳಿಯುವ ಸದ್ದು, ಮತ್ತೆ ಸರ್ರ್ — ಪಡಸಾಲೆಯಲ್ಲಿ ನನ್ನ ಗಂಡ ಪ್ರೇಮಕುಮಾರ, ಅವರ ತೊಡೆಯ ಮೇಲೆ ನಾಯಿ ರೂಬಿ, ಅಡುಗೆಮನೆಯ ಹೊಸ್ತಿಲ ಬಳಿ ನಾನು, ಅವ್ವ ಬ್ಯಾಡಗಿಯಿಂದ ಕಳಿಸಿದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, ಟಕ್, ಟಕ್, ಕೂದಲು ಗಂಟಾಗಿದ್ದರೆ ಬಾಚಣಿಗೆ ಇಟ್ಟು ಬೆರಳಿಂದಲೇ ಬಿಡಿಸಬೇಕಂತೆ, ಎಳೆದರೆ ರೂಬಿಗೆ ನೋವಾಗುತ್ತದಂತೆ, ಇಷ್ಟು ವರ್ಷ ನನ್ನ ತಲೆಯ ಗಂಟು ಯಾರು ಬಿಡಿಸಿದರು? ರಾಣೇಬೆನ್ನೂರಿನ ನಮ್ಮ ಬೀಜದಂಗಡಿಗೆ ಬಂದವರಿಗೆಲ್ಲ ಅದೇ ಪುರಾಣ, ಶಿಟ್ಜು ಅಂದ್ರ ಬೀದಿ ನಾಯಿ ಅಲ್ರಿ, ಟಿಬೆಟ್ ಕಡೀದು, ಚೀನಾದ ರಾಜರ ತೊಡಿ ಮ್ಯಾಲ ಬೆಳದ ತಳಿ — ನಾನು ಬ್ಯಾಡಗಿ ಹತ್ತಿರದ ಕದರಮಂಡಲಗಿಯ ಹೊಲದಲ್ಲಿ ಬೆಳೆದವಳು, ನನ್ನ ತಳಿ ಯಾರಿಗೆ ಬೇಕು, ರೂಬಿಗೆ ತುರಿಕೆ ಎಂದರೆ ಹಾವೇರಿಯ ಡಾಕ್ಟರಿಗೆ ಕಾರು, ನನಗೆ ಹಲ್ಲುನೋವು ಎಂದರೆ ಬಸ್ಸಿಗೆ ಹೋಗಿ ಬಾ. ಕೂದಲು ಕಣ್ಣಿಗೆ ಬೀಳಬಾರದೆಂದು ಅವಳಿಗೆ ಜುಟ್ಟು, ಜುಟ್ಟಿಗೆ ನನ್ನ ಕೆಂಪು ಕ್ಲಿಪ್ಪು, ನಿನಗ ಇನ್ನೊಂದು ತರ್ತೇನಿ ಬಿಡ, ತಂದರೇ? ಹೊಟ್ಟೆಕಿಚ್ಚು, ಹೌದು, ನಾಯಿಯ ಮೇಲೆ, ಕೇಳಿದವರು ನಕ್ಕಾರು.

ಫೋನು. ಸುನಿತಾ, ಇಕಿನ್ನ ಸ್ವಲ್ಪ ಹಿಡಿ, ಕಣ್ಣಿನ ಮೂಲಿ ಒರಸು, ಬಂದೆ — ಅಂಗಳಕ್ಕೆ ಹೋದರು. ಕೈ ತೊಳೆದೆ, ಸೋಪು ಹಚ್ಚಿಯೇ ತೊಳೆದೆ, ಆದರೆ ಬ್ಯಾಡಗಿ ಕಡೆಯ ಹೆಣ್ಣಿಗೆ ಹೇಳಿಕೊಡಬೇಕೇ, ಮೊದಲು ಎಣ್ಣೆ, ಆಮೇಲೆ ಸೋಪು, ಇಲ್ಲದಿದ್ದರೆ ಖಾರ ಹೋಗುವುದಿಲ್ಲ, ಅವ್ವ ಬಡಕೊಂಡದ್ದೇ ಬಡಕೊಂಡದ್ದು, ಎಣ್ಣಿ ತಿಕ್ಕೋ, ಕಣ್ಣು ಮುಟ್ಟಬ್ಯಾಡ, ಮುಟ್ಟಿಕೊಂಡು ಅತ್ತರೆ ಸೆರಗಿನ ತುದಿಗೆ ಹಾ ಎಂದು ಬಿಸಿಯುಸಿರು ಊದಿ ಕಣ್ಣಿಗೆ ಒತ್ತುತ್ತಿದ್ದಳು — ಎಣ್ಣೆ ಕೈಗೆಟಕುವಂತೆಯೇ ಇತ್ತು, ಮರೆತೆನೆ? ಮರೆತೆ ಅನ್ನೋಣ. ಬೆರಳು ರೂಬಿಯ ಕಣ್ಣಿನ ಮೂಲೆಗೆ ಹೋಯಿತು, ಕುಂಯ್ ಎಂದಳು, ಮುಂಗಾಲಲ್ಲಿ ಮುಖ ತಿಕ್ಕಿದಳು, ಕಣ್ಣಲ್ಲಿ ನೀರೋ ನೀರು, ಓಡಿ ಹೋಗಬಾರದೇ ಹುಚ್ಚಿ, ನನ್ನ ಸೀರೆಯ ನೆರಿಗೆಯಲ್ಲೇ ಮುಖ ಹುದುಗಿಸಿದಳು, ಖಾರ ಹಚ್ಚಿದವಳ ಮಡಿಲಲ್ಲೇ. ರೀ, ಲಗೂ ಬರ್ರಿ! ಕೂಗಿದ್ದು ನಾನೇ.

ಚಪ್ಪಲಿ ಸಮೇತ ಓಡಿ ಬಂದರು. ಬೈಯಲಿಲ್ಲ, ಬೈದಿದ್ದರೆ ನನ್ನತ್ತ ನೋಡಿದಂತಾದರೂ ಆಗುತ್ತಿತ್ತು, ಅವಳ ಕಣ್ಣಿಗೆ ತಣ್ಣೀರು ಹಾಕಿ, ಕರ್ಚೀಫಿನ ತುದಿ ಮುದ್ದೆ ಮಾಡಿ, ಬಾಯಿಗೆ ಹಿಡಿದು ಹಾ ಎಂದು ಊದಿ, ಒತ್ತಿದರು, ಮತ್ತೆ ಊದಿ, ಮತ್ತೆ ಒತ್ತಿ, ಆತು ನಮ್ಮವ್ವ, ಆತು — ಇವರಿಗೂ ಇದು ಬರುತ್ತದೆಯೇ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತೇ ಇರಲಿಲ್ಲ, ಹೋದ ಬೇಸಿಗೆಯಲ್ಲಿ ಇದೇ ಖಾರ ನನ್ನ ಕಣ್ಣಿಗೆ ಬಿದ್ದಾಗ, ನೀರ ಹಾಕ್ಕೋ ಹೋಗು, ಮೊಬೈಲಿನಿಂದ ತಲೆ ಎತ್ತಿರಲಿಲ್ಲ.

ಈಗ ರೂಬಿ ಅವರ ತೊಡೆಯ ಮೇಲೆ ನಿದ್ದೆ, ನಾನು ಮತ್ತೆ ಹೊಸ್ತಿಲ ಬಳಿ, ಟಕ್, ಟಕ್, ಬೆರಳು ಯಾವಾಗ ನನ್ನ ಕಣ್ಣಿನ ಹತ್ತಿರ ಬಂತೋ, ಒಂದಿಷ್ಟು ತಾಗಿಸಿದರೆ ಸಾಕು, ರೀ ಎಂದರೆ ಸಾಕು, ಬರುತ್ತಾರೆ, ಯಾಕೆ ಬರುವುದಿಲ್ಲ, ಬರದಿದ್ದರೆ — ಕರ್ಚೀಫಿನ ತುದಿ, ಹಾ ಎಂಬ ಬಿಸಿಯುಸಿರು — ಬರದಿದ್ದರೆ — ಕರ್ಚೀಫಿನ ತುದಿ —