ತಟ್ಟದೆ ಕೊರೆದ ಗೋಡೆ

ಬ್ಲಾಕ್ ಗೋಡೆ ಕೊರೆದಾಗ ಎದ್ದ ಧೂಳು ಬೇಗ ಕೂರುವುದಿಲ್ಲ. ಊಟದ ಡಬ್ಬಿಯಲ್ಲೂ ಇರುತ್ತದೆ, ನಿದ್ದೆಗೆಡಿಸುವ ಕೆಮ್ಮಿನಲ್ಲೂ ಇರುತ್ತದೆ. ಹೊಸ ಬಿಲ್ಡಿಂಗಿನ ನಮ್ಮ ಮಹಡಿಯಲ್ಲಿ ವೈರಿನ ಪೈಪಿಗೆಂದು ಗೋಡೆಯಲ್ಲಿ ಕಾಲುವೆ ಕೊರೆಯುತ್ತಿದ್ದವರು ಭಾವ ಭಾಮೈದ ಇಬ್ಬರು. ಪೈಪು ಕೂರಿಸಿದ ಮೇಲೆ ಕರಣೆಯಿಂದ ಗಾರೆ ಮೆತ್ತಿ ಮುಚ್ಚುತ್ತಿದ್ದವನು ನಾನು.

ಮೊದಲು ಇಬ್ಬರದೂ ಉಳಿ ಸುತ್ತಿಗೆಯ ಕೆಲಸವೇ. ಗೋಡೆಯ ಆಚೆ ಒಬ್ಬ, ಈಚೆ ಒಬ್ಬ. ಉಳಿ ಇಡುವ ಮೊದಲು ಗೋಡೆ ತಟ್ಟುತ್ತಿದ್ದರು. ಆಚೆಯವನೂ ಅದೇ ಜಾಗದಲ್ಲಿದ್ದರೆ ತಿರುಗಿ ತಟ್ಟುತ್ತಿದ್ದ. ಎರಡೂ ಕಡೆ ಒಂದೇ ಜಾಗ ಕೊರೆದರೆ ಬ್ಲಾಕು ಕಳಚುತ್ತದೆಂದು ಈಚೆಯವನು ಗೇಣುದ್ದ ಪಕ್ಕಕ್ಕೆ ಸರಿಯುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ.

ಸೂಪರ್‌ವೈಸರು ಭಾಮೈದನ ಕೈಗೆ ಗೋಡೆ ಕೊರೆಯುವ ಮಷೀನು ಕೊಟ್ಟ ದಿನ ಆ ತಟ್ಟುವುದು ನಿಂತಿತು.

"ನೋಡಯ್ಯಾ, ನೀನು ಒಂದು ಗೋಡೆ ಮುಗಿಸೋದ್ರೊಳಗೆ ನಿನ್ನ ಭಾಮೈದ ಮನೆನೇ ಮುಗಿಸ್ತಾನೆ," ಎಂದ ಸೂಪರ್‌ವೈಸರು, ಮೂಗಿನ ಮೇಲಿನ ಮಾಸ್ಕು ಸರಿಮಾಡಿಕೊಳ್ಳುತ್ತ. "ಮುಂದಿನ ಬಿಲ್ಡಿಂಗಿಗೆ ನಿಮ್ಮಲ್ಲಿ ಒಬ್ಬ ಸಾಕು."

ಭಾವನ ಹೊಟ್ಟೆಗೆ ಬೆಂಕಿ ಬಿತ್ತು. ಆ ಹುಡುಗನಿಗೆ ಉಳಿ ಹಿಡಿಯುವುದನ್ನು ಕಲಿಸಿದವನೇ ಅವನು. ಮಷೀನು ಗುರ್ರೆಂದಾಗಲೆಲ್ಲ ಅವನ ಸುತ್ತಿಗೆ ಏಟು ಜೋರಾಗುತ್ತಿತ್ತು.

"ದೊರೆ ಬಂದ್ರು, ದಾರಿ ಬಿಡ್ರಪ್ಪಾ," ಎಂದು ಕುಟುಕುತ್ತಿದ್ದ.

"ಬೇಕಾದ್ರೆ ನೀವೇ ಇಸ್ಕೊಳ್ಳಿ ಭಾವ."

"ನಿನ್ನ ಎಂಜಲು ನಂಗ್ಯಾಕೋ?"

ಅವತ್ತು ಅಡುಗೆಮನೆ ಕಡೆ ಭಾವ, ಮಲಗುವ ಕೋಣೆ ಕಡೆ ಭಾಮೈದ. ನಡುವೆ ಒಂದೇ ಗೋಡೆ. ಇವನೂ ತಟ್ಟಲಿಲ್ಲ, ಅವನೂ ತಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಬ್ಲಾಕು ದಡಾರನೆ ಕಳಚಿ ಬಿತ್ತು. ತೂತಿನಾಚೆ ಹಿಟ್ಟು ಮೆತ್ತಿದಂಥ ಮುಖ, ಕಣ್ಣಷ್ಟೇ ಕೆಂಪು. ಆ ಮುಖ ನಾನು ಇನ್ನೂ ಮರೆತಿಲ್ಲ. ಹುಡುಗ ಗೋಡೆ ಹಿಡಿದುಕೊಂಡು ಕೆಮ್ಮುತ್ತಿದ್ದ.

"ನಿಂಗೆ ಮಾಸ್ಕ್ ಕೊಟ್ಟಿಲ್ವೇನೋ?" ಭಾವನ ದನಿ ಇಳಿದಿತ್ತು.

"ಎಲ್ಲಿ ಕೊಟ್ರು? ದಿನಾ ನಿಮ್ಮ ಸುತ್ತಿಗೆ ಸದ್ದು ಕೇಳಿ ಹೊಟ್ಟೆ ಉರೀತಿತ್ತು ಭಾವ. ನಿಮಗೆ ಉಸಿರಾದ್ರೂ ಆಡ್ತದಲ್ಲ ಅಂತ."

ಸೂಪರ್‌ವೈಸರು ಓಡಿ ಬಂದ. "ಯಾರ ಕೆಲಸ ಇದು? ತೋರಿಸಿ. ಅವನು ಮನೆಗೆ, ಇನ್ನೊಬ್ಬ ಮುಂದಿನ ಬಿಲ್ಡಿಂಗಿಗೆ."

ಭಾವನ ಬೆರಳು ಎದ್ದಿತು. ಆದರೆ ಅದು ಹೋಗಿ ನಿಂತದ್ದು ಗೋಡೆಯ ಮೇಲಿನ ಕೆಂಪು ಗೆರೆಯ ಹತ್ತಿರ.

"ಇಲ್ಲಿ ಕೊರೀರಿ ಅಂತ ಗೆರೆ ಎಳೆದೋರು ಯಾರು ಸಾರ್?"

"ಈ ಕಡೆನೂ ಅದೇ ಜಾಗದಲ್ಲಿ ಎಳೆದಿದೀರಿ ಸಾರ್," ತೂತಿನಾಚೆಯಿಂದ ದನಿ ಬಂತು.

"ಇಬ್ರೂ ಹೊರಗೆ ನಡೀರಿ!"

ಭಾವ ಕದಲಲಿಲ್ಲ. ಸುತ್ತಿಗೆ ತೆಗೆದು ಗೋಡೆ ತಟ್ಟಿದ. ಆಚೆಯಿಂದ ಹುಡುಗ ತಿರುಗಿ ತಟ್ಟಿದ. ಮೇಲಿನ ಮಹಡಿಯಲ್ಲಿ ಕೊರೆಯುತ್ತಿದ್ದವರಿಗೆ ಏನು ಕೇಳಿಸಿತೋ, ಅವರೂ ತಟ್ಟಿದರು. ಮಷೀನುಗಳು ಒಂದೊಂದಾಗಿ ನಿಂತವು.

ಸೂಪರ್‌ವೈಸರು ನನ್ನ ಕಡೆ ತಿರುಗಿದ. "ನೀನೇನು ನೋಡ್ತಾ ನಿಂತೆ ಅಜ್ಜ? ಆ ತೂತು ಮುಚ್ಚು."

ನಾನು ಕರಣೆ ಕೆಳಗಿಟ್ಟೆ.