ಗುರುವಾರದ ಹುಡುಗ

ಇನ್ನು ಅರ್ಧ ನಿಮಿಷ ಉಳಿದಿತ್ತು. ದೊಡ್ಡ ಕಾಲೇಜು ಒಂದೇ ಒಂದು ಅಂಕ ಮುಂದಿತ್ತು. ಗೋವಿಂದರಾಜು ಕಲ್ಲುಬೆಂಚಿನ ಮೇಲೆ ಹತ್ತಿ ನಿಂತುಬಿಟ್ಟಿದ್ದರು. ಅರಮನೆ ಕಚೇರಿಯಲ್ಲಿ ಮೂವತ್ತು ವರ್ಷ ತಗ್ಗಿದ ದನಿಯಲ್ಲೇ ಮಾತಾಡಿ ನಿವೃತ್ತರಾದ ಮನುಷ್ಯ. ರುಮಾಲು ಸುತ್ತದೆ ಬೀದಿಗೆ ಇಳಿದವರಲ್ಲ. ಆದರೆ ಬಾಸ್ಕೆಟ್‌ಬಾಲ್ ಅಂಕಣದ ಪಕ್ಕಕ್ಕೆ ಬಂದರೆ ಮಾತ್ರ ಅವರು ಯಾರ ಕೈಗೂ ಸಿಗುತ್ತಿರಲಿಲ್ಲ. ತಾವು ಓದಿದ ಈ ದೊಡ್ಡ ಕಾಲೇಜು ಹನ್ನೊಂದು ವರ್ಷದಿಂದ ಶೀಲ್ಡನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ, ಆ ಹನ್ನೊಂದು ವರ್ಷದಲ್ಲಿ ಇವರು ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ.

ಈ ಸಲದ ಪಂದ್ಯಾವಳಿಗೆ ಏನೋ ಗ್ರಹಚಾರ ಹಿಡಿದಿತ್ತು. ಭಾನುವಾರ ಬೆಂಗಳೂರಿನ ಘಟಾನುಘಟಿಗಳು ತುಮಕೂರಿನ ಹುಡುಗರ ಕೈಲಿ ಸೋತು ಸಂಜೆ ರೈಲಿಗೇ ಗಂಟುಮೂಟೆ ಕಟ್ಟಿದ್ದರು. ಸೋಮವಾರದ ಸೆಮಿಫೈನಲ್‌ನಲ್ಲಿ ಆ ತುಮಕೂರಿನವರನ್ನು ಧಾರವಾಡದವರು ಮಣ್ಣುಮುಕ್ಕಿಸಿದ್ದರು. ರಾಜ್ಯ ಒಂದಾದ ಮೇಲೆ ಇದೇ ಮೊದಲ ಸಲ ಅವರು ಮೈಸೂರಿಗೆ ಆಡಲು ಬಂದಿದ್ದು. ಎರಡು ದಿನವೂ ಹಳೆಯ ವಿದ್ಯಾರ್ಥಿಗಳ ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಬೇರೆಯವರ ಸೋಲು ನೋಡುವುದಕ್ಕೆ ಅಷ್ಟು ಚೆನ್ನಾಗಿರುತ್ತದೆ. ಇವತ್ತು ಮಂಗಳವಾರ, ಎರಡನೆಯ ಸೆಮಿಫೈನಲ್. ದೊಡ್ಡ ಕಾಲೇಜಿನ ಎದುರು ಇಳಿದಿದ್ದು ಶುರುವಾಗಿ ಮೂರೇ ವರ್ಷವಾದ, ಗೋಡೆಗೆ ಇನ್ನೂ ಗಾರೆ ಬಳಿಯದ ಒಂದು ಹೊಸ ಕಾಲೇಜು. ಅವರ ಪರವಾಗಿ ಕೂಗಲು ಬಂದವರೆಂದರೆ ಹಿನಕಲ್, ಇಲವಾಲದ ಕಡೆಯಿಂದ ಸೈಕಲ್ ತುಳಿದು ಬಂದ ಮೂವತ್ತು ನಲವತ್ತು ಜನ ಮತ್ತು ಒಂದು ಸೀಮೆಎಣ್ಣೆ ಡಬ್ಬ. ಆ ಡಬ್ಬದ ಬಡಿತ ಒಂದು ಗಂಟೆಯಿಂದ ನಿಂತಿರಲಿಲ್ಲ.

ಎಲ್ಲದಕ್ಕೂ ಕಾರಣ ಒಬ್ಬ ಎಡಗೈ ಹುಡುಗ. ಸೊಂಟದ ಹತ್ತಿರದಿಂದ ಚೆಂಡನ್ನು ಎತ್ತಿ, ನೋಡಿದನೋ ಇಲ್ಲವೋ ಅನ್ನುವಷ್ಟರಲ್ಲಿ ಬಲೆಗೆ ಇಳಿಸಿಬಿಡುತ್ತಿದ್ದ. ಐದು ನಿಮಿಷದ ಹಿಂದೆ ಅವನು ಮತ್ತೊಂದು ಬುಟ್ಟಿ ಹಾಕಿದಾಗ ಗೋವಿಂದರಾಜುಗೆ ತಡೆಯಲಾಗದೆ, ಗಂಟಲು ಹರಿಯುವ ಹಾಗೆ ಕೂಗಿದ್ದರು: "ಯಾರ ಮನೆ ಕೂಳು ತಿಂದು ಇಷ್ಟು ಕೊಬ್ಬಿದ್ದೀಯೋ!" ಬೆಂಚಿಗೆ ಬೆಂಚೇ ಗೊಳ್ಳೆಂದಿತ್ತು. ಪಕ್ಕದಲ್ಲಿದ್ದ ಸದಾಶಿವಯ್ಯ, ಇವರ ಜೊತೆಯಲ್ಲೇ ಓದಿದವರು, ಖುಷಿಗೆ ನಶ್ಯದ ಡಬ್ಬಿ ಬೀಳಿಸಿಕೊಂಡಿದ್ದರು. ಆ ಹುಡುಗ ಓಡುತ್ತಿದ್ದವನು ಒಂದು ಕ್ಷಣ ನಿಂತು, ಬೆಂಚಿನ ಕಡೆ ನೋಡಿ, ತಲೆ ತಗ್ಗಿಸಿಕೊಂಡು ಮತ್ತೆ ಓಡಿದ್ದ.

ಈಗ ಅವನಿಗೇ ಎರಡು ಫ್ರೀ ಥ್ರೋ ಸಿಕ್ಕಿದ್ದವು. ಗೆರೆಯ ಹಿಂದೆ ಬಂದು ನಿಂತ. ಡಬ್ಬವೂ ಸುಮ್ಮನಾಯಿತು. ಹುಡುಗ ಚೆಂಡನ್ನು ಎಡಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ. ಬಲಗೈಯನ್ನು ಚೆಂಡಿನ ಸುತ್ತ ಮೆಲ್ಲಗೆ ಒಂದು ಸುತ್ತು ತಂದ. ತುಟಿಗಳು ಅಲುಗಿದವು.

ಗೋವಿಂದರಾಜು ಆ ಬಲಗೈಯನ್ನು ಕಣ್ಣಿಟ್ಟು ನೋಡಿದರು. ಎಲೆಯ ಸುತ್ತ ನೀರು ಕಟ್ಟುವ ಕೈ ಅದು. ಊಟಕ್ಕೆ ಮೊದಲು ಹೀಗೆ ಕಣ್ಣು ಮುಚ್ಚಿ, ಹೀಗೇ ತುಟಿ ಅಲುಗಿಸಿ, ಕಿರುಬೆರಳನ್ನು ಸ್ವಲ್ಪ ಬಿಗಿಹಿಡಿದು ಪರಿಷೇಚನೆ ಮಾಡುವ ಆ ಕೈಯನ್ನು ಅವರು ಎರಡು ವರ್ಷದಿಂದ ಪ್ರತಿ ಗುರುವಾರ ತಮ್ಮ ಮನೆಯ ನಡುಮನೆಯಲ್ಲೇ ನೋಡುತ್ತ ಬಂದಿದ್ದರು.

ಮೊದಲ ಚೆಂಡು ಒಳಗೆ ಹೋಯಿತು. ಎರಡನೆಯದಕ್ಕೆ ಮತ್ತೆ ಅದೇ ಸುತ್ತು. ಅದು ಬೀಳಲಿ ಎಂದುಕೊಂಡರೋ ಬೀಳದಿರಲಿ ಎಂದುಕೊಂಡರೋ ಗೋವಿಂದರಾಜುಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಚೆಂಡು ಕಬ್ಬಿಣದ ಬಳೆಯ ಮೇಲೆ ಒಂದು ಸಲ ಕುಣಿದು ಒಳಗೆ ಇಳಿಯಿತು. ಮೂವತ್ತೆಂಟು, ಮೂವತ್ತೇಳು. ಉಳಿದ ಸೆಕೆಂಡುಗಳು ಮುಗಿದು ಸೀಟಿ ಊದಿದ್ದೇ ತಡ, ಸೈಕಲ್ಲಿನವರು ಅಂಕಣಕ್ಕೇ ನುಗ್ಗಿದರು. ಹಳೆಯ ವಿದ್ಯಾರ್ಥಿಗಳ ಬೆಂಚಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸದಾಶಿವಯ್ಯ ಖಾಲಿ ನಶ್ಯದ ಡಬ್ಬಿಯ ಮುಚ್ಚಳವನ್ನು ತೆಗೆಯುವುದೂ ಹಾಕುವುದೂ ಮಾಡುತ್ತಾ ಕುಳಿತಿದ್ದರು.

ಮನೆಗೆ ನಡೆದು ಹೋಗುವಾಗ ಹನ್ನೊಂದು ವರ್ಷದ ಶೀಲ್ಡು ಹೋಯಿತಲ್ಲ ಎಂದು ದುಃಖಪಡಲು ಗೋವಿಂದರಾಜು ತುಂಬ ಪ್ರಯತ್ನಪಟ್ಟರು. ಆಗಲಿಲ್ಲ. ತಮ್ಮದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಬಯ್ಯಲು ಪ್ರಪಂಚದಲ್ಲಿ ಸಾವಿರ ಮಾತಿರುವಾಗ, ವಾರದ ಅನ್ನ ಉಣ್ಣುವ ಹುಡುಗನಿಗೆ ಅದೊಂದನ್ನೇ ಆರಿಸಿ ಎಸೆದಿದ್ದರು.

ಆ ಹುಡುಗನ ಹೆಸರು ಬಿಂದುಮಾಧವ. ಕೃಷ್ಣರಾಜನಗರದ ಆಚೆಯ ಒಂದು ಹಳ್ಳಿಯ ಬಡ ಪುರೋಹಿತರ ಮಗ. ಇಂಥ ಹುಡುಗರು ಓದಲು ಮೈಸೂರಿಗೆ ಬಂದರೆ ದಿನಕ್ಕೊಂದು ಮನೆಯಂತೆ ವಾರ ಗೊತ್ತುಮಾಡಿಕೊಂಡು ಉಣ್ಣುವುದು ಅಗ್ರಹಾರದಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಗೋವಿಂದರಾಜುವಿನ ಮನೆಯಲ್ಲಿ ಅವನದು ಗುರುವಾರ. ಹಿಂದಿನ ಬಾಗಿಲಿನಿಂದ ಬರುತ್ತಿದ್ದ, ಉಣ್ಣುತ್ತಿದ್ದ, ಎಲೆ ಎತ್ತಿ ನೆಲ ಸಾರಿಸಿ ಹೋಗುತ್ತಿದ್ದ. ಕೈಯಲ್ಲಿ ಪತ್ರಿಕೆ ಹಿಡಿದು ಉಯ್ಯಾಲೆಯ ಮೇಲೆ ಕುಳಿತಿರುತ್ತಿದ್ದ ಮನೆಯ ಯಜಮಾನರು ನೋಡಿದ್ದು ಬಗ್ಗಿದ ಒಂದು ತಲೆಯನ್ನು, ಎಲೆಯ ಮೇಲಾಡುವ ಒಂದು ಬಲಗೈಯನ್ನು, ಅಷ್ಟೆ. ಮುಖವನ್ನು ಯಾವತ್ತಾದರೂ ನೆಟ್ಟಗೆ ನೋಡಿದ್ದರೆ ತಾನೇ ಗುರುತು ಸಿಗುವುದು.

ಗುರುವಾರ ಹನ್ನೊಂದು ಗಂಟೆಗೆ ಶಾರದಮ್ಮ ಎಂದಿನಂತೆ ಎಲೆ ಹಾಕಿ, ಲೋಟಕ್ಕೆ ನೀರು ತುಂಬಿಸಿಟ್ಟರು. ವಾರದ ಹುಡುಗ ಉಂಡು ಎದ್ದ ಮೇಲೆಯೇ ಮನೆಯವರ ಊಟ. ಇದು ಅವರ ಅತ್ತೆ ಮಾಡಿಟ್ಟ ಕಟ್ಟಳೆ, ಅತ್ತೆ ಹೋಗಿ ಹತ್ತು ವರ್ಷವಾಗಿದ್ದರೂ ಮುರಿದಿರಲಿಲ್ಲ. ಹನ್ನೆರಡಾಯಿತು. ಒಂದಾಯಿತು. ಗೋವಿಂದರಾಜು ಒಂದೇ ಪುಟವನ್ನು ನಾಲ್ಕು ಸಲ ಓದಿದರು. ಹೊಟ್ಟೆ ತಾಳ ಹಾಕುತ್ತಿತ್ತು. ಕೊನೆಗೆ ಪತ್ರಿಕೆ ಮಡಚಿಟ್ಟು, ಹೆಂಡತಿಯ ಮುಖ ನೋಡದೆ ಎಲ್ಲವನ್ನೂ ಹೇಳಿಬಿಟ್ಟರು.

ಶಾರದಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಆಡುವುದು ಅವರಿಗೆ ಗೊತ್ತಿತ್ತಂತೆ. ಒಂದು ಸಲ ಕಾಲಿನ ಗಂಟು ಊದಿಕೊಂಡು ಬಂದಾಗ ಕೇಳಿ ತಿಳಿದುಕೊಂಡು, ಬಿಸಿ ಎಣ್ಣೆ ಹಚ್ಚಿ ಕಳಿಸಿದ್ದರಂತೆ. ಅವತ್ತಿನಿಂದ ತುಪ್ಪವನ್ನೂ ಒಂದು ಮಿಳ್ಳೆ ಹೆಚ್ಚಿಗೆ ಬಡಿಸುತ್ತಿದ್ದಾರಂತೆ. ನನಗೇಕೆ ಹೇಳಲಿಲ್ಲ ಎಂದು ಕೇಳುವುದಕ್ಕೆ ಗೋವಿಂದರಾಜು ಬಾಯಿ ತೆರೆದು, ಕಾರಣ ತಾವೇ ಊಹಿಸಿಕೊಂಡು ಮುಚ್ಚಿದರು.

"ನಾಳೆ ಫೈನಲ್ಲು ಅಂತೀರಿ" ಎಂದರು ಶಾರದಮ್ಮ. "ನಾಳೆ ಶುಕ್ರವಾರ. ಶುಕ್ರವಾರ ಅವನಿಗೆ ಮನೆ ಇಲ್ಲ ಕಣ್ರೀ. ಹೋದ ವರ್ಷ ಆ ಮನೆಯವರಿಗೆ ವರ್ಗ ಆಯ್ತಲ್ಲ, ಆಮೇಲೆ ಯಾರೂ ಸಿಕ್ಕಿಲ್ಲ. ಇವತ್ತೂ ಇಲ್ಲ, ನಾಳೇನೂ ಇಲ್ಲ. ಬರೀ ಹೊಟ್ಟೇಲಿ ಓಡ್ತಾನಾ?"

ಗೋವಿಂದರಾಜು ರುಮಾಲನ್ನೂ ಸುತ್ತದೆ ಹೊರಟರು.

ಹೊಸ ಕಾಲೇಜಿನ ಅಂಕಣ ಊರಿನ ಪಶ್ಚಿಮದ ಅಂಚಿನಲ್ಲಿತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ಬಿಸಿಲಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಅಭ್ಯಾಸ ಮುಗಿಸಿದ ಹುಡುಗರು ಒಂದೊಂದು ಮರದ ಕೆಳಗೆ ಚದುರಿದ್ದರು. ಹೊಂಗೆ ಮರದ ಕೆಳಗೆ ಬಿಂದುಮಾಧವ, ಅವನ ಪಕ್ಕದಲ್ಲಿ ಕಪ್ಪಗೆ ಗಟ್ಟಿಮುಟ್ಟಾದ ಇನ್ನೊಬ್ಬ. ಅವನು ತಂಡದ ನಾಯಕ, ಹಿನಕಲ್ಲಿನ ಪುಟ್ಟಸ್ವಾಮಿ. ಇಬ್ಬರ ನಡುವೆ ಒಂದು ಹಿತ್ತಾಳೆಯ ಬುತ್ತಿಡಬ್ಬಿ ತೆರೆದಿತ್ತು. ಮುದುಕರನ್ನು ಕಂಡೊಡನೆ ಬಿಂದುಮಾಧವ ಕೈ ಹಿಂದಕ್ಕೆ ಎಳೆದುಕೊಂಡು ಎದ್ದು ನಿಂತ. ಪುಟ್ಟಸ್ವಾಮಿ ಏಳಲಿಲ್ಲ.

"ಅವತ್ತು ಬೆಂಚ್ ಮ್ಯಾಲೆ ನಿಂತ್ಕಂಡು ಕೂಗಿದ್ದು ನೀವೇ ಅಲ್ವ್ರಾ?" ಎಂದ.

"ನಾನೇ" ಎಂದರು ಗೋವಿಂದರಾಜು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಕೈಕೊಟ್ಟವು. "ತಪ್ಪಾಯ್ತು ಮಗು. ನೀನು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇದ್ದವರಿಗೂ ಹಾಗನ್ನಬಾರದಾಗಿತ್ತು. ಎಲೆ ಹಾಕಿಟ್ಟಿದೆ, ಊಟಕ್ಕೆ ಬಾ."

ಹುಡುಗ ಅವರ ಮುಖವನ್ನೇ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಅದು ಏಕೆಂದು ಗೋವಿಂದರಾಜುಗೆ ಅರ್ಥವಾಗಲಿಲ್ಲ.

"ನಿಮಗೆ ವಿಷಯ ಗೊತ್ತಾಗೋಗಿದೆ, ಅದಕ್ಕೇ ಕೂಗಿದ್ರಿ ಅಂದ್ಕೊಂಡೆ" ಎಂದ ಬಿಂದುಮಾಧವ. "ಒಂದು ವರ್ಷದಿಂದ ಶುಕ್ರವಾರ ಶುಕ್ರವಾರ ಇವನ ಬುತ್ತೀಲೇ ನನ್ನ ಊಟ. ಇವರ ತಾಯಿ ಕೆಂಚಮ್ಮನೋರು ನನಗೂ ಅಂತ ಒಂದು ಮುದ್ದೆ ಕಟ್ಟಿ ಕಳಿಸ್ತಾರೆ. ಅದನ್ನ ತಿಂದು, ನಿಮಗೆ ಹೇಳದೆ, ನಿಮ್ಮ ನಡುಮನೇಲಿ ಬಂದು ಕೂತ್ಕೋತಿದ್ದೆ. ಇನ್ಮೇಲೆ ಬರೋಕೆ ಆಗಲ್ಲ. ಅಮ್ಮನ ಮಡಿ ನಾನು ಕೆಡಿಸಿದ್ದೇ ಸಾಕು."

ಅಗ್ರಹಾರದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಒಕ್ಕಲಿಗರ ಮನೆಯ ಅಡುಗೆ ಉಂಡ ವಾರದ ಹುಡುಗನಿಗೆ ಒಂದು ಮನೆಯಲ್ಲಿ ಎಲೆ ತಪ್ಪಿತೆಂದರೆ ಸಂಜೆಯೊಳಗೆ ಆರು ಮನೆಯಲ್ಲೂ ತಪ್ಪುತ್ತದೆ. ಅವನ ಓದು ಅಲ್ಲಿಗೆ ಮುಗಿದ ಹಾಗೆ. ಅದು ತಿಳಿದಿದ್ದೂ ಹುಡುಗ ಬಾಯಿಬಿಟ್ಟಿದ್ದ. ಗೋವಿಂದರಾಜುವಿನ ಮೈ ಒಂದು ಗಳಿಗೆ ಹಿಂದೆ ಸರಿದದ್ದೂ ನಿಜ. ಅರವತ್ತು ವರ್ಷದ ಅಭ್ಯಾಸ, ಅದು ಮನುಷ್ಯನನ್ನು ಕೇಳಿ ಸರಿಯುವುದಿಲ್ಲ. ಪುಟ್ಟಸ್ವಾಮಿ ಅದನ್ನು ಕಂಡ. ಬುತ್ತಿಯ ಮುಚ್ಚಳಕ್ಕೆ ಕೈ ಹಾಕಿದ. ಅಪ್ಪ, ಅಜ್ಜ ಎಲ್ಲರೂ ಇಂಥ ಹೊತ್ತಿನಲ್ಲಿ ಹೀಗೆ ಸುಮ್ಮನೆ ಮುಚ್ಚಳ ಮುಚ್ಚುತ್ತ ಬಂದವರೇ ಇರಬೇಕು ಎಂಬಂತೆ ಇತ್ತು ಅವನ ಕೈ. ಅದನ್ನು ನೋಡಿ ಗೋವಿಂದರಾಜುಗೆ, ಮಂಗಳವಾರ ಕೂಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಮುಚ್ಚಬೇಡ" ಎಂದರು. ಪಂಚೆ ಎತ್ತಿ ಕಟ್ಟಿ, ಹೊಂಗೆಯ ಬೇರಿನ ಮೇಲೆ ಕುಳಿತುಕೊಂಡರು. "ಬೆಳಗ್ಗೆಯಿಂದ ನಾನೂ ಉಂಡಿಲ್ಲ. ಇನ್ನೂ ಇದೆಯಾ?"

ಪುಟ್ಟಸ್ವಾಮಿ ಬಿಂದುಮಾಧವನನ್ನು ನೋಡಿದ, ಬಿಂದುಮಾಧವ ಪುಟ್ಟಸ್ವಾಮಿಯನ್ನು ನೋಡಿದ. ಆಮೇಲೆ ಮುತ್ತುಗದ ಎಲೆಯ ಮೇಲೆ ಅರ್ಧ ಮುದ್ದೆ, ಅದರ ಪಕ್ಕಕ್ಕೆ ಹುರುಳಿ ಸಾರು ಬಂತು. ಗೋವಿಂದರಾಜು ಅಭ್ಯಾಸಬಲದಿಂದ ಎಲೆಯ ಸುತ್ತ ನೀರು ಕಟ್ಟಿ, ಒಂದು ತುತ್ತು ಮುರಿದು ಬಾಯಿಗಿಟ್ಟು, ಚೆನ್ನಾಗಿ ಅಗಿಯತೊಡಗಿದರು. ಅಗಿದಷ್ಟೂ ಅದು ಹಲ್ಲಿಗೆ, ವಸಡಿಗೆ, ಅಂಗುಳಕ್ಕೆ ಮೆತ್ತಿಕೊಂಡಿತು. ಬಾಯಿ ತೆರೆಯಲೂ ಆಗದು, ಮುಚ್ಚಲೂ ಆಗದು. ಕಣ್ಣಲ್ಲಿ ನೀರು ಬಂತು.

"ಅಗೀಬ್ಯಾಡಿ ಸಾರ್, ನುಂಗ್ಬುಡಿ" ಎಂದ ಪುಟ್ಟಸ್ವಾಮಿ, ನಗು ತಡೆದುಕೊಳ್ಳುತ್ತ. "ಸಾರಲ್ಲಿ ಉಳ್ಳಾಡ್ಸಿ ಅಂಗೇ ಬುಡಿ. ಅದೇ ಜಾರ್ಕಂಡು ಹೋಯ್ತದೆ."

ಎರಡನೆಯ ತುತ್ತು ಹಾಗೆಯೇ ಜಾರಿತು. ಮೂರನೆಯದಕ್ಕೆ ಸಾರು ಖಾರವಾಗಿದ್ದು, ತುಂಬ ಚೆನ್ನಾಗಿದ್ದು ಗೊತ್ತಾಯಿತು. ಧಾರವಾಡದವರ ಉದ್ದನೆಯ ಹುಡುಗನನ್ನು ತಡೆಯುವುದು ಹೇಗೆ ಎಂದು ಕೇಳಿದರು. ಪುಟ್ಟಸ್ವಾಮಿ ಸಾರಿನ ಬೆರಳಿನಿಂದಲೇ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದ. ಹನ್ನೊಂದು ವರ್ಷ ಒಂದೇ ಪಕ್ಷಕ್ಕೆ ಕೂಗಿದ ಮನುಷ್ಯ ಆ ಗೆರೆಯ ಮೇಲೆ ಎರಡು ತಿದ್ದುಪಡಿ ಸೂಚಿಸಿದರು. ಒಂದನ್ನು ಪುಟ್ಟಸ್ವಾಮಿ ಒಪ್ಪಿದ.

ಎಲೆ ಮಡಚಿ ಎದ್ದಾಗ ಗೋವಿಂದರಾಜು ಬಿಂದುಮಾಧವನ ಕಡೆ ತಿರುಗಿ, ಇನ್ನು ನಿನಗೂ ನನಗೂ ವ್ಯತ್ಯಾಸವಿಲ್ಲ, ಆಗುವುದು ಇಬ್ಬರಿಗೂ ಆಗಲಿ, ನಡಿ, ಮನೆಯಲ್ಲಿ ಅವಳೊಬ್ಬಳು ಉಪವಾಸ ಕೂತಿದ್ದಾಳೆ ಎಂದರು. ಹೇಳುವಾಗ ಧೈರ್ಯವಾಗಿಯೇ ಇದ್ದರು. ದಾರಿಯಲ್ಲಿ ಆ ಧೈರ್ಯ ಒಂದೊಂದು ಬೀದಿಗೂ ಸ್ವಲ್ಪ ಸ್ವಲ್ಪ ಕಡಿಮೆಯಾಯಿತು.

ಶಾರದಮ್ಮ ಮುಂಬಾಗಿಲಲ್ಲೇ ನಿಂತಿದ್ದರು. ಗಂಡನ ಮೀಸೆಯ ಅಂಚಿನಲ್ಲಿ ಅಂಟಿದ್ದ ರಾಗಿಯನ್ನು ನೋಡಿದರು, ಹುಡುಗನನ್ನು ನೋಡಿದರು. ಗೋವಿಂದರಾಜು ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ನಿಂತು ನಡೆದದ್ದನ್ನು ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಶಾರದಮ್ಮ ಕೇಳಿಸಿಕೊಂಡು ಒಳಗೆ ಹೋದರು. ಇಬ್ಬರು ಗಂಡಸರೂ ಹೊಸಲಿನ ಆಚೆ ಉಳಿದರು. ಬಿಂದುಮಾಧವ ಮೆಲ್ಲಗೆ, ನಾನು ಹೊರಡುತ್ತೇನೆ ಎಂದ. ಗೋವಿಂದರಾಜು ಅವನ ತೋಳು ಹಿಡಿದುಕೊಂಡರು.

ಒಳಗಿನಿಂದ ಊದುಗೊಳವೆಯ ಸದ್ದು ಬಂತು. ತಣ್ಣಗಾದ ಸಾರು ಮತ್ತೆ ಒಲೆಯೇರಿತ್ತು.

"ಬಾಸ್ಕೆಟ್‌ಬಾಲಲ್ಲಿ ಐದು ಜನ ಅಲ್ವೇನೋ ಆಡೋದು?" ಅಡುಗೆಮನೆಯಿಂದಲೇ ಶಾರದಮ್ಮ ಕೇಳಿದರು.

"ಹೂಂ ಅಮ್ಮ" ಎಂದ ಬಿಂದುಮಾಧವ. "ಹೊರಗೆ ಕೂತಿರೋರು ಇನ್ನೂ ಐದು ಜನ ಇರ್ತಾರೆ."

"ಹತ್ತು. ನಡುಮನೇಲಿ ಒಂದೇ ಸಾಲಲ್ಲಿ ಹತ್ತು ಎಲೆ ಹಿಡಿಸುತ್ತೆ" ಎಂದರು ಶಾರದಮ್ಮ. "ನಾಳೆ ಹನ್ನೊಂದಕ್ಕೆಲ್ಲ ಬಂದ್ಬಿಡಿ, ಉಂಡ ಮೇಲೆ ಸ್ವಲ್ಪ ಹೊತ್ತು ಮಲಗ್ಬೇಕಲ್ಲ. ಆ ಪುಟ್ಟಸ್ವಾಮಿಗೆ ನಾಳೆ ಬುತ್ತಿ ತರಬೇಡ ಅನ್ನು. ಈಗ ಕಾಲು ತೊಳ್ಕೊಂಡು ಒಳಗೆ ಬಾ, ಅಟ್ಟದ ಮೇಲೆ ದೊಡ್ಡ ತಪ್ಪಲೆ ಇದೆ, ಇಳಿಸ್ಕೊಡು."

ಮಗಳು ನಾಗಮಣಿಯ ಮದುವೆಯಾದ ಮೇಲೆ ಯಾರೂ ಮುಟ್ಟದ ತಪ್ಪಲೆ ಅದು. ಇಳಿಸಬೇಕಾದರೆ ಪಕ್ಕದ ಮನೆಯಿಂದ ಏಣಿ ತರಿಸಬೇಕಾಗುತ್ತಿತ್ತು. ಏಣಿಗೆಂದು ಗೋವಿಂದರಾಜು ಹಿತ್ತಲಿನ ಕಡೆ ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದರು. ಹುಡುಗ ಅಟ್ಟದ ಕೆಳಗೆ ನಿಂತು, ಹಿಮ್ಮಡಿಯನ್ನು ನೆಲದಿಂದ ಒಂದಿಷ್ಟೇ ಎತ್ತಿ, ಎರಡೂ ಕೈಯಲ್ಲಿ ಆ ತಾಮ್ರದ ತಪ್ಪಲೆಯನ್ನು ಸದ್ದಿಲ್ಲದೆ ಕೆಳಗಿಳಿಸಿದ. ಅದರ ತುಂಬ ಧೂಳಿತ್ತು. ಅವನು ಅದನ್ನು ಬಾವಿಕಟ್ಟೆಯ ಹತ್ತಿರ ಇಟ್ಟು, ಹುಣಸೆಹಣ್ಣು ಹಾಕಿ ತಿಕ್ಕಲು ಕುಳಿತ.